‘ಮಗು ತೂಕ ಎಷ್ಟು?’ ಎಂದು ಕೇಳಿದರೆ ಬೇಸರ ಪಡಬೇಡಿ

ಮಾನ್ಯ ಸಂಪಾದಕರೇ,

ಮಧುಗಿರಿಯಲ್ಲಿ 27 ವರ್ಷದಿಂದ ಔಷಧಿ ಅಂಗಡಿ ಇಟ್ಟುಕೊಂಡಿದ್ದೇನೆ. ಡಿ.ಫಾರ್ಮ ಓದಿದವನು, ಡಾಕ್ಟರಲ್ಲ. ಮಿಡಿಗೇಶಿ, ಐ.ಡಿ.ಹಳ್ಳಿ, ಕೊಡಿಗೇನಹಳ್ಳಿ, ದೊಡ್ಡೇರಿ ಕಡೆಯಿಂದ ಬಂದು ಬಸ್ಸಿಳಿದವರು ಆಸ್ಪತ್ರೆಗೆ ಹೋಗುವ ಮುಂಚೆ, ಎಷ್ಟೋ ಸಲ ಆಸ್ಪತ್ರೆಗೆ ಹೋಗುವ ಬದಲು, ನನ್ನ ಕೌಂಟರಿನ ಮುಂದೆ ನಿಲ್ಲುತ್ತಾರೆ. “ಮಗೀಗೆ ಜರ ಬಂದೈತೆ, ಒಂದ್ ಔಸ್ದಿ ಕೊಡಣ್ಣ.” ಮಗು ಜೊತೆಯಲ್ಲಿ ಇರುವುದಿಲ್ಲ. ಊರಲ್ಲಿ ಅಜ್ಜಿಯ ಮಡಿಲಲ್ಲಿ ಇರುತ್ತದೆ. ನಾನು “ತೂಕ ಎಷ್ಟು?” ಅನ್ನುತ್ತೇನೆ. ಅವರು ವಯಸ್ಸು ಹೇಳುತ್ತಾರೆ. ಮತ್ತೆ ತೂಕ ಕೇಳಿದರೆ ಮುಖ ಗಂಟು ಹಾಕಿಕೊಂಡು ಪಕ್ಕದ ಅಂಗಡಿಗೆ ಹೋದವರೂ ಇದ್ದಾರೆ. ಆ ಪ್ರಶ್ನೆಯನ್ನು ಯಾಕೆ ಕೇಳುತ್ತೇನೆ ಅನ್ನುವುದನ್ನು ನಿಮ್ಮ ಪತ್ರಿಕೆಯ ಮೂಲಕ ಒಮ್ಮೆ ವಿವರವಾಗಿ ಹೇಳಬೇಕು ಅನ್ನಿಸಿತು. ಪತ್ರ ಉದ್ದವಾಗಿದೆ. ದಯವಿಟ್ಟು ಕತ್ತರಿಸಬೇಡಿ.

ಮೂರು ವರ್ಷದ ಹಿಂದೆ ಒಂದು ಸಂಜೆ ಒಬ್ಬ ತಂದೆ ಖಾಲಿಯಾಗುತ್ತಾ ಬಂದಿದ್ದ ಪುಟ್ಟ ಬಾಟಲಿಯನ್ನು ತಂದು “ಇದೇ ಇನ್ನೊಂದು ಕೊಡಿ” ಅಂದರು. ಪ್ಯಾರಾಸಿಟಮಾಲ್ ಡ್ರಾಪ್ಸ್. 15 ಮಿ.ಲೀ. ಬಾಟಲಿ, ನೆನ್ನೆ ತಾನೇ ಬೇರೆ ಕಡೆ ತಂದದ್ದು. ಇಷ್ಟು ಬೇಗ ಹೇಗೆ ಮುಗಿಯಿತು ಅಂತ ಕೇಳಿದೆ. ಹಿಂದೊಮ್ಮೆ ಡಾಕ್ಟರು ಚೀಟಿಯಲ್ಲಿ ‘5 ಮಿ.ಲೀ.’ ಅಂತ ಬರೆದಿದ್ದರಂತೆ, ಅದೇ ಅಳತೆಯಲ್ಲಿ ಎರಡು ಸಲ ಕುಡಿಸಿದ್ದಾರೆ. ಡಾಕ್ಟರು ಬರೆದದ್ದು ಸಿರಪ್ಪಿಗೆ. ಅದರಲ್ಲಿ 5 ಮಿ.ಲೀ.ಗೆ 125 ಮಿ.ಗ್ರಾಂ. ಔಷಧಿ ಇರುತ್ತದೆ. ಡ್ರಾಪ್ಸಿನಲ್ಲಿ ಒಂದೇ ಒಂದು ಮಿ.ಲೀ.ಗೆ 100 ಮಿ.ಗ್ರಾಂ. ಅಂದರೆ 9 ಕೆ.ಜಿ. ತೂಗುವ ಕೂಸಿಗೆ ಒಂದೊಂದು ಸಲಕ್ಕೆ 500 ಮಿ.ಗ್ರಾಂ. ಹೋಗಿದೆ, ದೊಡ್ಡವರು ನುಂಗುವ ಮಾತ್ರೆಯಷ್ಟು! ನನ್ನ ಕೈಕಾಲು ತಣ್ಣಗಾಯಿತು. “ಮಗು ಚೆನ್ನಾಗೇ ಆಡ್ತೈತೆ ಸಾರ್” ಅಂತ ಅವರು ಹೇಳುತ್ತಲೇ ಇದ್ದರು. ಪ್ಯಾರಾಸಿಟಮಾಲ್ ಹೆಚ್ಚಾದರೆ ಪೆಟ್ಟು ಬೀಳುವುದು ಪಿತ್ತಜನಕಾಂಗಕ್ಕೆ, ಮೊದಲ ದಿನ ಮೇಲುನೋಟಕ್ಕೆ ಏನೂ ಕಾಣದೇ ಇರಬಹುದು, ಬೇಗ ಹೋದರೆ ಅದಕ್ಕೆ ಮದ್ದಿದೆ ಎಂದು ಹೇಳಿ, ಬಾಟಲಿ ಸಮೇತ ಆಸ್ಪತ್ರೆಗೆ ಕಳಿಸಿದೆ. ಮಗು ಉಳಿಯಿತು, ಏನೂ ಆಗಲಿಲ್ಲ. ಆ ತಂದೆಯದು ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಬಾಟಲಿ ಮೇಲಿನ ಅಕ್ಷರ ಇಂಗ್ಲಿಷು, ಅದೂ ಸಾಸಿವೆ ಕಾಳಿನಷ್ಟು. ಅವರು ಓದಿದ್ದು ಕನ್ನಡ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ. ಬಾಟಲಿ ಕೊಟ್ಟವರು ಬಾಯಿಬಿಟ್ಟು ಹೇಳಬೇಕಿತ್ತು.

ಹಾಗಾಗಿ ತೂಕ. ಜ್ವರಕ್ಕೆ ಪ್ಯಾರಾಸಿಟಮಾಲ್ ಕೊಡುವುದು ಮಗುವಿನ ಪ್ರತಿ ಕೆ.ಜಿ.ಗೆ 10ರಿಂದ 15 ಮಿ.ಗ್ರಾಂ. ಲೆಕ್ಕದಲ್ಲಿ. 8 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 80ರಿಂದ 120 ಮಿ.ಗ್ರಾಂ. ಆರು ಗಂಟೆಗೊಮ್ಮೆ ಸಾಕು, ದಿನಕ್ಕೆ ನಾಲ್ಕು ಸಲ ಮೀರಬಾರದು. ಸಿರಪ್ಪಿನಲ್ಲೂ 5 ಮಿ.ಲೀ.ಗೆ 120, 125, 250 ಅಂತ ಬೇರೆ ಬೇರೆ ಇವೆ, ಬಾಟಲಿಗಳು ನೋಡಲು ಅಣ್ಣತಮ್ಮಂದಿರ ಹಾಗಿರುತ್ತವೆ. ಮನೆಯ ಟೀ ಚಮಚ ಅಳತೆಯಲ್ಲ. ಒಂದು ಮನೆಯದು 3 ಮಿ.ಲೀ. ಹಿಡಿದರೆ ಇನ್ನೊಂದು ಮನೆಯದು 7 ಹಿಡಿಯುತ್ತದೆ. ಬಾಟಲಿಯ ಜೊತೆ ಬರುವ ಗೆರೆಯಿರುವ ಮುಚ್ಚಳ ಬಿಸಾಡಬೇಡಿ, ಇಲ್ಲವೇ ಸೂಜಿಯಿಲ್ಲದ ಸಿರಿಂಜ್ ಕೇಳಿ ಪಡೆಯಿರಿ. ಇನ್ನು ಎರಡು ತಿಂಗಳು ತುಂಬದ ಕೂಸಿಗೆ ಮೈ ಬಿಸಿಯಾದರೆ ನನ್ನ ಅಂಗಡಿಗೆ ಬರಲೇಬೇಡಿ. ಸೀದಾ ಆಸ್ಪತ್ರೆ. ಅಷ್ಟು ಚಿಕ್ಕ ಕೂಸಿನ ಜ್ವರವನ್ನು ಮನೆಯಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ.

ಜ್ವರದ ಅಂಕಿಗಿಂತ ಮಗುವನ್ನು ನೋಡಿ ಅನ್ನುವುದು ನಾನು ದಿನಕ್ಕೆ ಹತ್ತು ಸಲ ಹೇಳುವ ಮಾತು. 102 ಡಿಗ್ರಿ ಇದ್ದರೂ ಔಷಧಿ ಕುಡಿದು ಒಂದು ಗಂಟೆಯಲ್ಲಿ ಎದ್ದು ಆಡುವ ಮಗುವಿಗೆ ನಾನು ಹೆದರುವುದಿಲ್ಲ. 100 ಡಿಗ್ರಿಯೇ ಇದ್ದು, ಹಾಲು ಬಿಟ್ಟು, ಕರೆದರೆ ಕಣ್ಣು ಬಿಡದೆ ಮಂಕಾಗಿ ಮಲಗಿದ ಮಗುವಿಗೆ ಹೆದರುತ್ತೇನೆ. ಕುಡಿದದ್ದೆಲ್ಲ ವಾಂತಿಯಾಗುವುದು, ಕುತ್ತಿಗೆ ಬಿಗಿಯುವುದು, ಒತ್ತಿದರೂ ಮಾಸದ ಕೆಂಪು ಚುಕ್ಕೆ ಏಳುವುದು, ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಅಂತ ಕಾಯಬಾರದು. ಜ್ವರದ ಮಗುವಿಗೆ ಸ್ವೆಟರು, ಕುಲಾವಿ, ಮೇಲೊಂದು ಕಂಬಳಿ ಸುತ್ತುವ ರೂಢಿ ನಮ್ಮಲ್ಲಿದೆ. ಒಳಗಿನ ಕಾವು ಹೊರಗೆ ಹೋಗಲು ದಾರಿಯೇ ಇರುವುದಿಲ್ಲ. ಒಂದು ತೆಳು ಹತ್ತಿ ಬಟ್ಟೆ ಸಾಕು. ಐಸ್ ನೀರಿನಲ್ಲಿ ಒರೆಸುವುದೂ ಬೇಡ, ಮಗು ನಡುಗಿ ಕಾವು ಇನ್ನೂ ಏರುತ್ತದೆ.

ಮಳೆ ಬಿದ್ದು ತೊಟ್ಟಿ, ಟೈರುಗಳಲ್ಲಿ ನೀರು ನಿಲ್ಲುವ ತಿಂಗಳುಗಳಲ್ಲಿ ಇನ್ನೊಂದು ಎಚ್ಚರಿಕೆ. ಡೆಂಗಿ ಇರಬಹುದು ಅನ್ನುವ ಕಾಲದಲ್ಲಿ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಜ್ವರದ ಔಷಧಿಯನ್ನು ನಿಮ್ಮಷ್ಟಕ್ಕೆ ನೀವೇ ಕೊಡಬೇಡಿ. ಐಬುಪ್ರೊಫೆನ್, ಮೆಫೆನಾಮಿಕ್ ಆಸಿಡ್ ಇರುವ ಸಿರಪ್ಪುಗಳು ರಕ್ತಸ್ರಾವಕ್ಕೆ ಎಡೆಮಾಡಬಹುದು. ಡೆಂಗಿಯಲ್ಲಿ ಅಪಾಯ ಬರುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೆ, ಮೂರನೇ ದಿನದಿಂದ ಏಳನೇ ದಿನದೊಳಗೆ. ಹೊಟ್ಟೆನೋವು, ಬಿಡದ ವಾಂತಿ, ತಣ್ಣನೆ ಕೈಕಾಲು, ವಸಡಿನಲ್ಲಿ ರಕ್ತ ಕಂಡರೆ “ಜ್ವರ ಬಿಡ್ತಲ್ಲ” ಅಂತ ನೆಮ್ಮದಿಯಾಗಿ ಕೂರಬೇಡಿ.

ಈಗ ನನ್ನ ಮನೆಯದೇ ಮಾತು. 2010ರಲ್ಲಿ ನನ್ನ ಮಗಳಿಗೆ ಒಂದೂಮುಕ್ಕಾಲು ವರ್ಷ. ರಾತ್ರಿ ಹನ್ನೆರಡಕ್ಕೆ ಜ್ವರ ಏರಿ ಕಣ್ಣು ಮೇಲಾಯಿತು, ಮೈ ಸೆಟೆದು ಕೈಕಾಲು ಅದುರತೊಡಗಿತು. ನನ್ನ ತಾಯಿ “ಬಾಲಗ್ರಹ” ಅಂತ ಕೂಗಿಕೊಂಡು ಬೀಗದ ಕೈ ಗೊಂಚಲು ತಂದು ಅದರ ಅಂಗೈಗೆ ಒತ್ತಿದರು. ಹೆಂಡತಿ ಈರುಳ್ಳಿ ಜಜ್ಜಿ ಮೂಗಿಗೆ ಹಿಡಿದಳು. ನಾನು, ಔಷಧಿಗಳ ನಡುವೆಯೇ ಬದುಕುವ ನಾನು, ನಾಲಗೆ ಕಚ್ಚಿಕೊಂಡೀತು ಅಂತ ಸ್ಟೀಲ್ ಚಮಚ ತೂರಿಸಿ ಹಲ್ಲು ಬಿಡಿಸಲು ಹೋದೆ. ಆಗಷ್ಟೇ ಬಂದಿದ್ದ ಮುಂದಿನ ಹಲ್ಲಿನ ಚೂರು ಮುರಿದು ಬಾಯೆಲ್ಲ ರಕ್ತ. ಆ ಚೂರು ಉಸಿರುನಾಳಕ್ಕೆ ಹೋಗಿದ್ದರೆ? ಹದಿನೈದು ವರ್ಷವಾಯಿತು, ಆ ಪ್ರಶ್ನೆ ಇನ್ನೂ ನಿದ್ದೆ ಕೆಡಿಸುತ್ತದೆ. ಮೂರ್ನಾಲ್ಕು ನಿಮಿಷದಲ್ಲಿ ಫಿಟ್ಸ್ ತಾನಾಗಿಯೇ ನಿಂತಿತು. ಕೀಲಿಯಿಂದಲ್ಲ, ಈರುಳ್ಳಿಯಿಂದಲೂ ಅಲ್ಲ. ಹೆಚ್ಚಿನ ಫಿಟ್ಸ್ ಅಷ್ಟು ಹೊತ್ತಿಗೆ ತಾವಾಗಿಯೇ ನಿಲ್ಲುತ್ತವೆ. ಆ ಹೊತ್ತಿನಲ್ಲಿ ಯಾರ ಕೈಯಲ್ಲಿ ಏನಿತ್ತೋ ಅದಕ್ಕೆ ಕೀರ್ತಿ ಬರುತ್ತದೆ, ಅಷ್ಟೇ.

ಬೆಳಗ್ಗೆ ತುಮಕೂರಿನಲ್ಲಿ ಮಕ್ಕಳ ಡಾಕ್ಟರು ಬೈಯಲಿಲ್ಲ. ಕೂರಿಸಿ ಕಲಿಸಿದರು. ಆರು ತಿಂಗಳಿಂದ ಐದು ವರ್ಷದವರೆಗಿನ ಕೆಲವು ಮಕ್ಕಳಿಗೆ ಜ್ವರದ ಜೊತೆ ಹೀಗಾಗುತ್ತದೆ, ಇದು ಮೂರ್ಛೆರೋಗವಲ್ಲ, ಹೆಚ್ಚಿನವರಿಗೆ ಮುಂದೆ ಯಾವ ತೊಂದರೆಯೂ ಇರುವುದಿಲ್ಲ ಎಂದರು. ಮಗುವನ್ನು ನೆಲದ ಮೇಲೆ ಒಂದು ಮಗ್ಗುಲಿಗೆ ಮಲಗಿಸಬೇಕು, ಜೊಲ್ಲು, ವಾಂತಿ ಹೊರಗೆ ಹರಿಯಲಿ. ಬಾಯಿಗೆ ಏನೂ ಹಾಕಬಾರದು: ನೀರಲ್ಲ, ಔಷಧಿಯಲ್ಲ, ಬೆರಳೂ ಅಲ್ಲ. ಅದುಮಿ ಹಿಡಿಯಬಾರದು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ, ಒಂದಾದ ಮೇಲೊಂದು ಬಂದರೆ, ಉಸಿರಾಟ ಸರಿಯಿಲ್ಲದಿದ್ದರೆ ಕೂಡಲೇ 108. ಮೊದಲ ಸಲ ಬಂದಿದ್ದಾದರೆ ಬೇಗ ನಿಂತರೂ ಡಾಕ್ಟರಿಗೆ ತೋರಿಸಲೇಬೇಕು, ಮಿದುಳಿನ ಸೋಂಕು ಅಲ್ಲವೆಂದು ಖಾತ್ರಿಯಾಗಬೇಕಲ್ಲ. ನನ್ನ ಮಗಳಿಗೆ ಮೂರನೇ ವರ್ಷದಲ್ಲಿ ಇನ್ನೊಮ್ಮೆ ಬಂತು. ಆಗ ಮನೆಯಲ್ಲಿ ಯಾರೂ ಕೂಗಲಿಲ್ಲ. ನನ್ನ ತಾಯಿಯೇ ಅವಳನ್ನು ಮಗ್ಗುಲಿಗೆ ತಿರುಗಿಸಿ “ಟೈಮು ನೋಡೋ” ಅಂದರು. ಎಪ್ಪತ್ತರ ಆಸುಪಾಸಿನಲ್ಲಿ ಆ ಹೆಂಗಸು ಕಲಿತರು. ಅಜ್ಜಿಯರು ಕಲಿಯುವುದಿಲ್ಲ ಅನ್ನುವವರಿಗೆ ಇದನ್ನೇ ಹೇಳುತ್ತೇನೆ. ಹೇಳಿಕೊಡುವವರು ಬೇಕು.

ವಾಂತಿ ಭೇದಿಯ ವಿಷಯಕ್ಕೆ ಬರುತ್ತೇನೆ, ನನಗೆ ಹೆಚ್ಚು ಸಂಕಟ ಕೊಡುವ ವಿಷಯ ಇದು. “ಆರೆಸ್ಸು ಕೊಡಿ” ಅಂತ ಕೇಳುತ್ತಾರೆ, ಅಂದರೆ ಭೇದಿಯಲ್ಲಿ ಹೋದ ನೀರು, ಉಪ್ಪನ್ನು ತುಂಬಿಕೊಡುವ ಓಆರ್‌ಎಸ್ ಪುಡಿ. ಬೆರಳು ಮಾತ್ರ ಬಣ್ಣಬಣ್ಣದ ಜ್ಯೂಸ್ ಪ್ಯಾಕಿನ ಕಡೆ. ಮಗು ಸಿಹಿ ಅಂತ ಕುಡಿಯುತ್ತದೆ, ಸಕ್ಕರೆ ಹೆಚ್ಚಾಗಿ ಭೇದಿ ಇನ್ನೂ ಜಾಸ್ತಿಯಾಗುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಹೋರಾಡಿದ ಮೇಲೆ, 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಮೇಲೆ ‘ಓಆರ್‌ಎಸ್’ ಅನ್ನುವ ಹೆಸರು ಹಾಕಬಾರದೆಂದು ಆದೇಶ ಮಾಡಿತು. ಅವರಿಗೆ ನಮ್ಮಂಥ ಅಂಗಡಿಯವರೆಲ್ಲ ಋಣಿ. ನಾನೂ ಆ ಪ್ಯಾಕುಗಳನ್ನು ಮಾರಿದ್ದೇನೆ, ಒಂದು ಪೊಟ್ಟಣ ಓಆರ್‌ಎಸ್‌ಗಿಂತ ಅದರಲ್ಲಿ ಲಾಭ ಹೆಚ್ಚಿತ್ತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಪುಡಿ ಕರಗಿಸುವುದರಲ್ಲೂ ತಪ್ಪಾಗುತ್ತದೆ. ದೊಡ್ಡ ಪೊಟ್ಟಣ ಒಂದು ಪೂರ್ತಿ ಲೀಟರ್ ನೀರಿಗೆ. ಚಿಕ್ಕದು 200 ಮಿ.ಲೀ.ಗೆ, ಅಂದರೆ ಒಂದು ಲೋಟಕ್ಕೆ. ದೊಡ್ಡ ಪೊಟ್ಟಣವನ್ನು ಒಂದೇ ಲೋಟಕ್ಕೆ ಸುರಿದು ಕುಡಿಸಿದ ತಾಯಂದಿರನ್ನು ನೋಡಿದ್ದೇನೆ. ಅಷ್ಟು ಉಪ್ಪು ಮಗುವಿಗೆ ಅಪಾಯ. ಚಿಟಿಕೆ ಚಿಟಿಕೆಯಾಗಿ ಕರಗಿಸಿದರೆ ಉಪ್ಪು ಸಕ್ಕರೆಯ ಹದ ತಪ್ಪುತ್ತದೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿ ಎಲ್ಲರ ಮನೆಯಲ್ಲೂ ಇದೆ. ತೊಳೆದು, ಕುದಿಸಿ ಆರಿಸಿದ ನೀರು ತುಂಬಿ, ಪೂರ್ತಿ ಪೊಟ್ಟಣ ಹಾಕಿ ಕುಲುಕಿ. 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಎರಡು ವರ್ಷದೊಳಗಿನ ಮಗುವಿಗೆ ಪ್ರತಿ ಸಲ ಭೇದಿಯಾದ ಮೇಲೆ ಕಾಲು ಲೋಟದಿಂದ ಅರ್ಧ ಲೋಟ, ದೊಡ್ಡ ಮಕ್ಕಳಿಗೆ ಅರ್ಧದಿಂದ ಒಂದು ಲೋಟ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚ ಚಮಚವಾಗಿ. ಈ ತಾಳ್ಮೆಯೇ ಇಲ್ಲಿ ಔಷಧಿ.

“ನೀರು ಕುಡಿಸಿದಷ್ಟೂ ಭೇದಿ ಆಗ್ತೈತೆ, ಅದಕ್ಕೇ ನಿಲ್ಲಿಸಿದೀವಿ” ಅನ್ನುವ ಮಾತು ಇವತ್ತಿಗೂ ಕಿವಿಗೆ ಬೀಳುತ್ತದೆ. 1971ರಲ್ಲಿ ಬಾಂಗ್ಲಾ ಯುದ್ಧದ ಹೊತ್ತು, ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಬಂದು ನರಕ್ಕೆ ಏರಿಸುವ ಸಲೈನ್ ಬಾಟಲಿ ಮುಗಿದುಹೋದಾಗ ಡಾ. ದಿಲೀಪ್ ಮಹಲನಬೀಸ್ ಅವರು ಉಪ್ಪು, ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ಇಟ್ಟು, ಮನೆಯವರ ಕೈಯಿಂದಲೇ ರೋಗಿಗಳಿಗೆ ಕುಡಿಸಿದರು. ಸಾವಿನ ಪ್ರಮಾಣ ದಿಢೀರನೆ ಇಳಿಯಿತು. ಅವರು 2022ರಲ್ಲಿ ತೀರಿಕೊಂಡರು, ಮರುವರ್ಷ ಪದ್ಮವಿಭೂಷಣ ಬಂತು. ಡಾಕ್ಟರು, ನರ್ಸುಗಳಲ್ಲದ ಜನ, ಮಣ್ಣು ನೆಲದ ಮೇಲೆ ಕೂತು ಮಾಡಿದ ಕೆಲಸ ಅದು. ನಮ್ಮ ಮನೆಯ ಜಗಲಿಯ ಮೇಲೆ ನಾವು ಮಾಡಲಾರೆವೇ?

ಓಆರ್‌ಎಸ್ ಜೊತೆಗೆ 14 ದಿನ ಜಿಂಕ್ ಕೊಡಬೇಕು: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳಿನವರಿಗೆ 10. ಭೇದಿ ನಿಂತರೂ ಅಷ್ಟು ದಿನ ಮುಗಿಸಬೇಕು. ಇವೆರಡೂ ಆಶಾ ಕಾರ್ಯಕರ್ತೆಯರ ಹತ್ತಿರ, ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಕಾಸಿಲ್ಲದೆ ಸಿಗುತ್ತವೆ, ನನ್ನ ಹತ್ತಿರ ಕೊಳ್ಳಬೇಕಿಲ್ಲ. ಎದೆಹಾಲು ನಿಲ್ಲಿಸಬೇಡಿ. ಅನ್ನದ ಗಂಜಿ, ಬೇಳೆ ಕಟ್ಟು, ಮಜ್ಜಿಗೆ, ತೆಳ್ಳನೆ ರಾಗಿ ಅಂಬಲಿ, ಮಗು ಏನು ತಿನ್ನುತ್ತಿತ್ತೋ ಅದನ್ನೇ ಕೊಡಿ. ಭೇದಿ ‘ಕಟ್ಟುವ’ ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಕೊಡುವುದು ಖಂಡಿತ ಬೇಡ, ಚಿಕ್ಕ ಮಕ್ಕಳಲ್ಲಿ ಅದು ಕರುಳಿನ ಚಲನೆಯನ್ನೇ ನಿಲ್ಲಿಸಿಬಿಡಬಹುದು. ಕಣ್ಣು ಗುಳಿಬಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಹಿಂದಕ್ಕೆ ಹೋದರೆ, ಆರೆಂಟು ಗಂಟೆ ಉಚ್ಚೆ ಹೋಗದಿದ್ದರೆ, ಮಲದಲ್ಲಿ ರಕ್ತ ಬಂದರೆ, ಕುಡಿಯಲೂ ಶಕ್ತಿ ಇಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ದಾರಿಯುದ್ದಕ್ಕೂ ಚಮಚದಲ್ಲಿ ಹನಿಸುತ್ತಾ ಹೋಗಿ.

ಕೆಮ್ಮಿಗೆ ಸಿರಪ್ ಕೇಳಿದರೆ ನಾನೀಗ ಇಲ್ಲ ಅನ್ನುತ್ತೇನೆ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು 20ಕ್ಕೂ ಹೆಚ್ಚು ಮಕ್ಕಳು ಸತ್ತದ್ದನ್ನು ನಿಮ್ಮ ಪತ್ರಿಕೆಯಲ್ಲೇ ಓದಿದ್ದೇನೆ. ಡೈಎಥಿಲೀನ್ ಗ್ಲೈಕಾಲ್ ಅನ್ನುವ ಆ ವಿಷ ಮೂತ್ರಪಿಂಡ ಕೆಡಿಸುತ್ತದೆ. ವಿಷವಿಲ್ಲದ ಸಿರಪ್ಪೂ ಚಿಕ್ಕ ಮಕ್ಕಳಿಗೆ ಬೇಕಿಲ್ಲ. ಎರಡು ವರ್ಷದೊಳಗೆ ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಇಲಾಖೆಯೇ ಹೇಳಿದೆ. ಒಂದು ವರ್ಷ ದಾಟಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ ಕೊಡಿ, ವರ್ಷ ತುಂಬದವರಿಗೆ ಜೇನು ನೆಕ್ಕಿಸಬೇಡಿ. ಮೂಗು ಕಟ್ಟಿದರೆ ಉಪ್ಪುನೀರಿನ ಡ್ರಾಪ್ಸ್. ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿಯಬಹುದು. ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಕೂಸಿನ ತಲೆ ಹತ್ತಿರ ಇಡುವುದನ್ನೂ ಬಿಡಿ. ಕಲ್ಲುಸಕ್ಕರೆಯೆಂದು ದೇವರ ಮನೆಯ ಕರ್ಪೂರ ನುಂಗಿದ ಮಗುವಿಗೆ ಸ್ವಲ್ಪ ಹೊತ್ತಿನಲ್ಲೇ ಫಿಟ್ಸ್ ಬರಬಹುದು.

ಕೆಮ್ಮಿಗಿಂತ ಉಸಿರನ್ನು ನೋಡಿ. ಮಗು ಅಳದೆ ಇರುವಾಗ ಅಂಗಿ ಮೇಲೆತ್ತಿ, ಮೊಬೈಲಿನಲ್ಲಿ ಟೈಮ್ ಇಟ್ಟು, ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷಕ್ಕೆ 50, ಒಂದರಿಂದ ಐದು ವರ್ಷಕ್ಕೆ 40 ಮುಟ್ಟಿದರೆ ನ್ಯುಮೋನಿಯಾ ಇರಬಹುದು, ಅವತ್ತೇ ಡಾಕ್ಟರಿಗೆ ತೋರಿಸಿ. ಉಸಿರೆಳೆದಾಗ ಪಕ್ಕೆಯ ಕೆಳಗೆ ಗುಳಿ ಬಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ ಆ ನಿಮಿಷವೇ ಹೊರಡಬೇಕು. ಎದೆ ಮೇಲೆ ಬರೆ ಹಾಕಿಸಿಕೊಂಡು ಬಂದ ಒಂದು ಕೂಸನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದರ ವಿವರ ಇಲ್ಲಿ ಬರೆಯಲಾರೆ.

ಸೀತಾಳೆ ಸಿಡುಬು ಬಂದಾಗ “ಅಮ್ಮ ಬಂದವ್ಳೆ” ಅಂತ ಔಷಧಿ ಮುಟ್ಟದ ಮನೆಗಳಿವೆ. ಬೇವಿನ ಸೊಪ್ಪು ಇಡಲಿ, ದಂಡಿನ ಮಾರಮ್ಮನಿಗೆ ಮೊಸರನ್ನದ ಹರಕೆ ಹೊರಲಿ, ನನ್ನ ಮನೆಯಲ್ಲೂ ಮಾಡಿದ್ದೇವೆ. ಅದರ ಜೊತೆಗೆ ಉಗುರು ಕತ್ತರಿಸಿ, ಮೈ ಒರೆಸಿ, ಚೆನ್ನಾಗಿ ನೀರು ಕುಡಿಸಿ, ಆಸ್ಪಿರಿನ್ ಮಾತ್ರ ಕೊಡಬೇಡಿ. ದಡಾರವಾದರೆ ಡಾಕ್ಟರಿಗೆ ತೋರಿಸಿ, ವಿಟಮಿನ್ ಎ ಬೇಕಾಗುತ್ತದೆ. ಒಂಬತ್ತು ತಿಂಗಳಿಗೆ ಮತ್ತು ಒಂದೂವರೆ ವರ್ಷದ ಸುಮಾರಿಗೆ ಹಾಕುವ ಎಂ.ಆರ್. (ದಡಾರ-ರುಬೆಲ್ಲಾ) ಲಸಿಕೆ ತಪ್ಪಿಸದಿದ್ದರೆ ಆ ಚಿಂತೆ ಬಹುಮಟ್ಟಿಗೆ ತಪ್ಪುತ್ತದೆ.

ಕಡಲೆಕಾಯಿ ಕೀಳುವ ಕಾಲ ಬಂದರೆ ನನಗೆ ಭಯ. ಕಣದಲ್ಲಿ ತೆವಳುವ ಮಗು ಬೀಜ ಬಾಯಿಗಿಟ್ಟು, ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ. ದನಿ ಹೊರಡದೆ ಉಸಿರು ಕಟ್ಟಿದರೆ ಮಾತ್ರ ಕೈ ಹಾಕಬೇಕು. ವರ್ಷದೊಳಗಿನ ಕೂಸನ್ನು ಮುಂದೋಳಿನ ಮೇಲೆ ತಲೆ ಕೆಳಗಾಗಿ ಬೋರಲು ಮಲಗಿಸಿ ಬೆನ್ನಿನ ನಡುವೆ ಐದು ಸಲ ಅಂಗೈ ಬುಡದಿಂದ ಹೊಡೆಯಿರಿ, ಹೊರಬರದಿದ್ದರೆ ಅಂಗಾತ ಮಾಡಿ ಎದೆಯ ನಡುವೆ ಒಂದು ಅಂಗೈ ಬುಡದಿಂದ ಐದು ಸಲ ಒತ್ತಿ, ಮತ್ತೆ ಬೆನ್ನು. ದೊಡ್ಡ ಮಗುವಾದರೆ ಬೆನ್ನಿಗೆ ಐದು ಏಟಿನ ನಂತರ ಹಿಂದಿನಿಂದ ತಬ್ಬಿ ಹೊಕ್ಕುಳ ಮೇಲ್ಭಾಗದಲ್ಲಿ ಮುಷ್ಟಿಯಿಟ್ಟು ಒಳಕ್ಕೂ ಮೇಲಕ್ಕೂ ಐದು ಸಲ ಜಗ್ಗಿ. ಕಾಣದ ವಸ್ತುವಿಗೆ ಬೆರಳು ಹಾಕಿ ತಡಕಾಡಿದರೆ ಇನ್ನೂ ಒಳಗೆ ಹೋಗುತ್ತದೆ. ಒಬ್ಬರು ಇದನ್ನು ಮಾಡುತ್ತಿರುವಾಗ ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ನನ್ನ ಬೇಡಿಕೆ ದೊಡ್ಡದಲ್ಲ. ಅಂಗನವಾಡಿಯಲ್ಲಿ ತಿಂಗಳು ತಿಂಗಳು ಮಗುವನ್ನು ತೂಗುತ್ತಾರೆ. ಆ ತೂಕವನ್ನು ತಾಯಿ ಕಾರ್ಡಿನಲ್ಲಿ ಬರೆಸಿ, ಔಷಧಿಗೆ ಬರುವಾಗ ಕಾರ್ಡು ತನ್ನಿ. ಮೊಬೈಲಿನಲ್ಲಿ ಫೋಟೋ ಇದ್ದರೂ ಆದೀತು. ತಾಯಂದಿರ ಸಭೆಗೆ ಅಜ್ಜಿಯರನ್ನೂ ಕರೆಯಿರಿ, ನಮ್ಮ ಗಡಿ ಹಳ್ಳಿಗಳಲ್ಲಿ ತೆಲುಗಿನಲ್ಲೂ ಹೇಳಿ. ಮಕ್ಕಳ ಔಷಧಿಯ ಅಳತೆ ಬಾಟಲಿ ಮೇಲೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಇರಬೇಕೆಂದು ಸರ್ಕಾರ ಕಂಪನಿಗಳನ್ನು ಕೇಳಲಿ. ನನ್ನ ಹಾಗೆ ಅಂಗಡಿ ಇಟ್ಟಿರುವ ಗೆಳೆಯರಿಗೆ: ಕೌಂಟರಿನ ಮುಂದೆ ಓಆರ್‌ಎಸ್ ಇಡಿ, ತೂಕ ಕೇಳದೆ ಬಾಟಲಿ ಕೊಡಬೇಡಿ, ಹಿಂದಿನ ಜ್ವರದಲ್ಲಿ ಉಳಿದ ಆಂಟಿಬಯಾಟಿಕ್ ನೀರನ್ನು ಮತ್ತೆ ಕುಡಿಸಬೇಡಿ ಅಂತ ಹೇಳಿ. ಆಂಟಿಬಯಾಟಿಕ್ ಪುಡಿಗೆ ನೀರು ಬೆರೆಸಿದ ಮೇಲೆ ಅದು ಸಾಮಾನ್ಯವಾಗಿ ವಾರಕ್ಕಿಂತ ಹೆಚ್ಚು ಬಾಳುವುದಿಲ್ಲ.

ಆ ಡ್ರಾಪ್ಸಿನ ಸಂಜೆಯಿಂದ ಈಚೆಗೆ ನಾನು ಪ್ರತಿ ಬಾಟಲಿಗೂ ಬಿಳಿ ಪ್ಲಾಸ್ಟರ್ ಪಟ್ಟಿ ಅಂಟಿಸಿ, ಮಗುವಿನ ಹೆಸರು, ತೂಕ, ಎಷ್ಟು ಮಿ.ಲೀ., ಎಷ್ಟು ಗಂಟೆಗೊಮ್ಮೆ ಅಂತ ಕನ್ನಡದಲ್ಲಿ ಬರೆದು ಕೊಡುತ್ತೇನೆ. ಕಳೆದ ತಿಂಗಳು ಮಿಡಿಗೇಶಿ ಕಡೆಯ ಒಬ್ಬ ತಾಯಿ ಹಳೆಯ ಖಾಲಿ ಬಾಟಲಿ ತಂದಿದ್ದರು. ನಾನು ಬರೆದ ‘8 ಕೆ.ಜಿ.’ಯನ್ನು ಅವರು ಪೆನ್ನಿನಲ್ಲಿ ಹೊಡೆದು ಹಾಕಿ, ಪಕ್ಕದಲ್ಲಿ ತಮ್ಮ ಅಕ್ಷರದಲ್ಲಿ ಬರೆದಿದ್ದರು: ‘9 ಕೆಜಿ 200 ಗ್ರಾಂ, ಸೋಮವಾರ ತೂಗಿದ್ದು.’

– ಒಬ್ಬ ಔಷಧಿ ಅಂಗಡಿಯವರು, ಮಧುಗಿರಿ, ತುಮಕೂರು ಜಿಲ್ಲೆ